ಸಾವಿನ ಲೆಕ್ಕವೂ ಊಹೆಯ ಅಳತೆಯೂ

ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಂಥ ಹಳೆಯ ಮೈಸೂರಿನ ಊರುಗಳವರು ನೀವಾಗಿದ್ದರೆ, ಪ್ಲೇಗಿನ ಕಾಲದ ಮಾತನ್ನು ಹಿರಿಯರ ಬಾಯಲ್ಲಿ ಕೇಳಿರಬಹುದು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಸಾಕು, ಜನ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. 1898ರ ಆಗಸ್ಟ್‌ನಲ್ಲಿ ಈ ರೋಗ ಬೆಂಗಳೂರಿಗೂ ಕಾಲಿಟ್ಟಿತು. ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರಗೆ ನೆಲೆಗೊಳಿಸಲು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಆಗಲೇ ತಲೆಯೆತ್ತಿದವು. ಇಲಿ, ಗುಡಿಸಲು ಎರಡನ್ನೂ ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತವೆ.

ರೋಗದ ಹರಡುವಿಕೆಯನ್ನು ಗಣಿತದಲ್ಲಿ ಹಿಡಿದಿಡುವ ಪ್ರಸಿದ್ಧ ಪ್ರಯತ್ನವೊಂದು 1927ರಲ್ಲಿ ನಡೆಯಿತು. ಭಾರತದ ವೈದ್ಯ ಸೇವೆಯಲ್ಲಿದ್ದ ಮೆಕೆಂಡ್ರಿಕ್ ಹಾಗೂ ಅವರ ಸಹೋದ್ಯೋಗಿ ಕರ್ಮ್ಯಾಕ್, 1905-06ರಲ್ಲಿ ಮುಂಬಯಿಯಲ್ಲಿ ಪ್ಲೇಗಿನಿಂದ ವಾರವಾರವೂ ಸತ್ತವರ ಸಂಖ್ಯೆಗೆ ತಮ್ಮ ಸಮೀಕರಣವನ್ನು ಹೊಂದಿಸಿ ತೋರಿಸಿದರು. ಗೆರೆ ಅಂಕಿಗಳ ಮೇಲೆ ಚೆನ್ನಾಗಿಯೇ ಕೂತಿತು. ಆದರೆ ಅದರ ಅಡಿಪಾಯವೇನು? ಎಲ್ಲರಿಗೂ ರೋಗ ತಗಲುವ ಸಂಭವ ಒಂದೇ. ಎಲ್ಲರೂ ಎಲ್ಲರೊಡನೆ ಬೆರೆಯುತ್ತಾರೆ. ರೋಗದ ವೇಗ ಬದಲಾಗದು. ಇಲಿಯ ಪಾತ್ರ ನೇರವಾಗಿ ಲೆಕ್ಕಕ್ಕೆ ಬರಲಿಲ್ಲ. ಊರು ಬಿಟ್ಟವನ ಗುಡಿಸಲೂ ಬರಲಿಲ್ಲ. ತಮ್ಮ ಲೆಕ್ಕ ಬರಿಯ ಸ್ಥೂಲ ಅಂದಾಜು ಎಂದು ಅವರೇ ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದರು. ಕಳೆದುಹೋದ ಸಾವುಗಳಿಗೆ ಗೆರೆ ಹೊಂದಿತೆಂದ ಮಾತ್ರಕ್ಕೆ ಬರಲಿರುವ ಸಾವುಗಳಿಗೂ ಹೊಂದಬೇಕೆಂದಿಲ್ಲ.

ಊಹೆ ಕೊಂಚ ಅಲುಗಿದರೆ ಏನಾದೀತೆಂದು ನೀವೇ ಲೆಕ್ಕ ಹಾಕಿ ನೋಡಿ. ಒಬ್ಬನಿಂದ ಇಬ್ಬರಿಗೆ ರೋಗ ಹತ್ತುವುದಾದರೆ ಹತ್ತನೆಯ ಸುತ್ತಿನಲ್ಲಿ 1,024 ಮಂದಿಗೆ ಹತ್ತುತ್ತದೆ. ಸರಾಸರಿ ಒಂದೂವರೆ ಮಂದಿಗೆ ಎಂದುಕೊಂಡರೆ ಸುಮಾರು 58 ಮಂದಿಗೆ ಮಾತ್ರ! ವ್ಯತ್ಯಾಸ ಅರ್ಧದ್ದು, ಫಲ ಹದಿನೆಂಟು ಪಟ್ಟು.

2021ರ ಮೇ ತಿಂಗಳಲ್ಲಿ, ಕೋವಿಡ್‌ನ ಎರಡನೆಯ ಅಲೆಯಲ್ಲಿ, ಇದನ್ನೇ ಕಂಡೆವು. ಇದೇ ಗತಿ ಮುಂದುವರಿದರೆ ಜೂನ್ 11ರ ವೇಳೆಗೆ ದೇಶದಲ್ಲಿ ಸುಮಾರು 4,04,000 ಸಾವು ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡದ ಲೆಕ್ಕ ಹೇಳಿತು. ಜುಲೈ ಅಂತ್ಯಕ್ಕೆ ಹತ್ತು ಲಕ್ಷ ದಾಟೀತೆಂದು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಸ್ಥೆಯೊಂದು ಹೇಳಿತು. ಸರ್ಕಾರಿ ಲೆಕ್ಕದಲ್ಲಿ ಜೂನ್ 11ಕ್ಕೆ ಇದ್ದದ್ದು ಸುಮಾರು 3.63 ಲಕ್ಷ, ಜುಲೈ ಕೊನೆಗೆ ಸುಮಾರು 4.24 ಲಕ್ಷ. ಹಾಗಾದರೆ ಗಣಿತ ಸೋತಿತೇ? ಅವಸರ ಬೇಡ. "ಇದೇ ಗತಿ ಮುಂದುವರಿದರೆ" ಎಂಬ ಷರತ್ತು ನಿಲ್ಲಲಿಲ್ಲ. ಬಾಗಿಲು ಮುಚ್ಚಿ ಮನೆಯಲ್ಲಿದ್ದ ಜನ ಗತಿಯನ್ನೇ ಬದಲಿಸಿದರು. ಇನ್ನೊಂದೆಡೆ, ಒಪ್ಪಿ ನೋಡುವ ಸರ್ಕಾರಿ ಲೆಕ್ಕವೂ ಪೂರ್ಣವೇ ಎಂಬ ಪ್ರಶ್ನೆಯಿತ್ತು. 2020-21ರ ಎರಡು ವರ್ಷಗಳಲ್ಲಿ ಭಾರತದಲ್ಲಿ ವಾಡಿಕೆಗಿಂತ ಸುಮಾರು 47 ಲಕ್ಷ ಹೆಚ್ಚು ಸಾವು ಸಂಭವಿಸಿದವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜಿಸಿತು. ಸರ್ಕಾರದ ಲೆಕ್ಕ ಸುಮಾರು 4.8 ಲಕ್ಷ. ಆ ಅಂದಾಜಿನ ವಿಧಾನವನ್ನು ಭಾರತ ಸರ್ಕಾರ ಒಪ್ಪಲಿಲ್ಲ. ಅಲ್ಲಿಯೂ ಜಗಳ ಊಹೆಗಳ ಮೇಲೆಯೇ.

ಇಂಥ ಅಂಕಿಗಳನ್ನು ನಂಬಿಯೇ ಆಸ್ಪತ್ರೆಯ ಹಾಸಿಗೆ, ಆಮ್ಲಜನಕ, ಔಷಧಿಗಳ ಏರ್ಪಾಡು ನಡೆಯುತ್ತದೆ. ಕಡಿಮೆ ಊಹಿಸಿದರೆ ಪ್ರಾಣ ಹೋದೀತು. ಹೆಚ್ಚು ಊಹಿಸಿದರೆ ಕೂಲಿಯವನ ಅನ್ನ ಹೋದೀತು. ಆದ್ದರಿಂದ ಮುಂದೆ ಇಂಥ ಸಂಖ್ಯೆ ಕೇಳಿದಾಗ ನೀವು ಎರಡು ಪ್ರಶ್ನೆ ಕೇಳಿ: ಯಾವ ಷರತ್ತಿನ ಮೇಲೆ ಹೇಳಿದ್ದು? ಕನಿಷ್ಠ ಎಷ್ಟು, ಗರಿಷ್ಠ ಎಷ್ಟು? ಸತ್ತ ಇಲಿಯನ್ನು ಕಂಡು ಗುಡಿಸಲು ಹಾಕಿದ ನಮ್ಮ ಹಿರಿಯರಿಗೂ ಎಷ್ಟು ಮಂದಿ ಸಾಯುತ್ತಾರೆಂದು ತಿಳಿದಿರಲಿಲ್ಲ. ಆದರೂ ಎಚ್ಚರಿಕೆ ಎಂದರೇನೆಂದು ತಿಳಿದಿತ್ತು.