ಚಿತ್ತಾಕುಲದ ಶರತ್ಕಾಲವೂ ಹುಲ್ಲುಹಾಸೂ

ಕಾಳೀನದಿಯು ಕಡಲನ್ನು ಸೇರುವೆಡೆಯಲ್ಲಿ, ಅದರ ಉತ್ತರ ತೀರದಲ್ಲಿ ಚಿತ್ತಾಕುಲವಿದೆ. ಪೋರ್ತುಗೀಜರು ಇದನ್ನು ಸಿಂತಾಕೋರವೆಂದು ಕರೆದರು. ಸೋದೆಯ ಅರಸರು ಇಲ್ಲಿಯ ಗುಡ್ಡದ ಮೇಲೆ ಸದಾಶಿವಗಡವನ್ನು ಕಟ್ಟಿಸಿದರು. 1638ರಲ್ಲಿ ಆಂಗ್ಲ ವರ್ತಕರು ಕಾರವಾರದಲ್ಲಿ ಕೋಠಿಯನ್ನು ತೆರೆದರು. ಮೆಣಸಿಗೂ ಬಟ್ಟೆಗೂ ಲೆಕ್ಕವಿಟ್ಟ ಚರಿತ್ರೆಯು ಕಾಲಡಿಯ ಹುಲ್ಲನ್ನು ಗಮನಿಸಿದ್ದು ಕಡಮೆ. ನಾವು ಈ ಹೊತ್ತು ಆ ಹುಲ್ಲನ್ನು ಕುರಿತೇ ಎರಡು ಮಾತುಗಳನ್ನಾಡಬೇಕೆಂದಿದ್ದೇವೆ.

ಮನೆಯ ಮುಂದೆ ಹುಲ್ಲನ್ನು ರತ್ನಗಂಬಳಿಯಂತೆ ಬೆಳಸುವ ವಾಡಿಕೆ ನಮಗೆ ಇಂಗ್ಲೆಂಡಿನಿಂದ ಬಂದುದು. 1830ರಲ್ಲಿ ಎಡ್ವಿನ್ ಬಡ್ಡಿಂಗ್ ಎಂಬಾತನು ಹುಲ್ಲು ಕತ್ತರಿಸುವ ಯಂತ್ರವನ್ನು ನಿರ್ಮಿಸಿದ ತರುವಾಯ, ಕುಡುಗೋಲಿನ ಆಳುಗಳನ್ನಿಡಲಾರದ ಗೃಹಸ್ಥನಿಗೂ ಅದು ಎಟಕುವಂತಾಯಿತು. ಅಲ್ಲಿಯ ತೋಟಗಾರನು ಶರತ್ಕಾಲದಲ್ಲಿ ಉದುರಿದೆಲೆಗಳನ್ನು ಬಾಚುತ್ತಾನೆ. ಗಟ್ಟಿಯಾದ ನೆಲವನ್ನು ಚುಚ್ಚಿ ಗಾಳಿಯಾಡಿಸುತ್ತಾನೆ. ಅವನಿಗೆ ಹಿಮದ ಭಯ.

1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿ, ಕಾರವಾರವು ಜಿಲ್ಲೆಯ ಮುಖ್ಯಪಟ್ಟಣವಾಯಿತು. ಅಧಿಕಾರಿಗಳ ಬಂಗಲೆಗಳೊಡನೆ ಹಸುರಂಗಳದ ಆಸೆಯೂ ಬಂದಿರಬೇಕು. ಆದರೆ ಆ ದೇಶದ ಪಂಚಾಂಗವು ಇಲ್ಲಿಗೆ ಹೊಂದುವುದೆಂತು? ಇಲ್ಲಿ ವರ್ಷಕ್ಕೆ ನೂರು ಅಂಗುಲಕ್ಕೂ ಮಿಕ್ಕಿ ಮಳೆ. ಅದರ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನೊಳಗೇ ಸುರಿದು, ಕೆಂಪುಕಲ್ಲಿನ ನೆಲದ ಸಾರವನ್ನು ತೊಳೆದೊಯ್ಯುತ್ತದೆ. ಅನಂತರ ಬರುವುದು ಹಿಮವಲ್ಲ, ಮುಂದಿನ ಮಳೆಗಾಲದವರೆಗಿನ ಬಿಸಿಲು. ಆದಕಾರಣ ಆಶ್ವಯುಜದಲ್ಲಿ, ನೆಲವಿನ್ನೂ ಹಸಿಯಾಗಿರುವಾಗಲೇ, ಕಳಿತ ಸಗಣಿಗೊಬ್ಬರವನ್ನು ಮರಳುಮಣ್ಣಿನೊಡನೆ ಬೆರಸಿ ತೆಳ್ಳಗೆ ಹರಡಬೇಕು. ಹುಲ್ಲನ್ನು ಬುಡಮಟ್ಟ ಕತ್ತರಿಸಬಾರದು. ಎಲೆಯ ನೆರಳೇ ಬೇರಿಗೆ ಕೊಡೆ. ದಿನವೂ ಚಿಮುಕಿಸುವುದಕ್ಕಿಂತ ಕೆಲದಿನಗಳಿಗೊಮ್ಮೆ ಆಳಕ್ಕಿಳಿಯುವಂತೆ ನೀರುಣಿಸುವುದು ಲೇಸು. ಬೇರು ನೀರನ್ನರಸಿ ಕೆಳಗಿಳಿಯುತ್ತದೆ. ಇದಕ್ಕೆಲ್ಲ ತಕ್ಕ ಹುಲ್ಲು ನಮ್ಮ ಗರಿಕೆಯೇ. ಗಣಪತಿಯ ಪೂಜೆಗೆ ಕಿತ್ತಷ್ಟೂ ಚಿಗುರುವ ಈ ಹುಲ್ಲು ಬೇಸಗೆಯಲ್ಲಿ ಸತ್ತಂತೆ ತೋರಿದರೂ, ಮಣ್ಣಿನೊಳಗಿನ ಗೆಣ್ಣುಗಳಲ್ಲಿ ಜೀವವನ್ನಿರಿಸಿಕೊಂಡಿರುತ್ತದೆ. ವಿದೇಶದ ಬೀಜವನ್ನು ತರಿಸುವವರು ಇದನ್ನು ಕಳೆಯೆಂದು ಕೀಳುವುದು ನಮಗೆ ಸೋಜಿಗವಾಗಿದೆ.

ವಾಸ್ತವದಲ್ಲಿ ಈ ಸೀಮೆಯ ರೈತನಿಗೆ ಹುಲ್ಲಿನ ಆರೈಕೆ ಹೊಸದೇನಲ್ಲ. ಉತ್ತರ ಕನ್ನಡದಲ್ಲಿ ಬೇಣವೆಂಬ ಹುಲ್ಲುಗಾವಲುಗಳುಂಟು. ಮಳೆಗಾಲದಲ್ಲಿ ಅಲ್ಲಿಗೆ ದನಗಳನ್ನು ಬಿಡದೆ, ಹುಲ್ಲು ತೆನೆಗಟ್ಟಿ ಬಲಿತ ಮೇಲೆ ಕೊಯ್ದು, ಒಣಗಿಸಿ ಬಣವೆಯೊಟ್ಟುವರು. ಬೀಜವುದುರುವ ಮುನ್ನವೇ ಕೊಯ್ದುಬಿಟ್ಟರೆ ಮರುವರ್ಷ ಬೇಣವು ಬೋಳಾಗುವುದು. ಬಂಗಲೆಯವನಿಗೆ ಹುಲ್ಲು ಹಸುರಾಗಿರಬೇಕು. ರೈತನಿಗೆ ಅದು ಮುಂದಿನ ಮಳೆಯವರೆಗೆ ಕೊಟ್ಟಿಗೆಯ ಮೇವು. ಬೇಸಗೆಯಲ್ಲಿ ಬಾವಿಯ ನೀರು ತಳಕ್ಕಿಳಿದಾಗ ಹುಲ್ಲುಹಾಸಿಗೆಂದು ಕೊಡವೆತ್ತುವುದು ನಮಗೆ ಸರಿತೋರುವುದಿಲ್ಲ. ಆಗ ಅಂಗಳವು ಸದಾಶಿವಗಡದ ಗುಡ್ಡದಂತೆ ಕಂದಾಗಲಿ. ಆಶ್ವಯುಜದಲ್ಲಿ ಗೊಬ್ಬರವುಂಡ ಗರಿಕೆಯು ಮಿರುಗದ ಮೊದಲ ಮಳೆಗೆ ತಾನಾಗಿಯೇ ಏಳುತ್ತದೆ.