ಸವಕಲು ನಾಣ್ಯದ ಬೆಲೆ

ಹಳಸಿದ ಮಾತಿಗೆ ಕನ್ನಡದಲ್ಲಿ ‘ಸವಕಲು ನಾಣ್ಯ’ ಎನ್ನುತ್ತೇವೆ. ಉರ್ದುವಿನಲ್ಲಿ ಕೆಲಸಕ್ಕೆ ಬಾರದ ಮಗನನ್ನು ‘ಖೋಟಾ ಸಿಕ್ಕಾ’ ಎಂದು ಬೈಯುತ್ತೇವೆ. ಎರಡೂ ಮಾತುಗಳು ಚಿನಿವಾರರ ಕಟ್ಟೆಯಿಂದಲೇ ಎದ್ದು ಬಂದಿರಬೇಕು. ನಾಣ್ಯದ ಮುಖ ನೋಡಿ ಬೆಲೆ ಕಟ್ಟುವ ಕಸುಬನ್ನು ಇಂದಿನ ಸಂಗ್ರಾಹಕರೇನೂ ಹೊಸದಾಗಿ ಕಂಡುಹಿಡಿದದ್ದಲ್ಲ.

ಷೇರ್ ಷಾ ಸೂರಿ ನೆಲೆಗೊಳಿಸಿದ ಬೆಳ್ಳಿಯ ರೂಪಾಯಿಯ ತೂಕ ಸುಮಾರು 11.5 ಗ್ರಾಂ. ಮೊಗಲರು ಅದನ್ನೇ ಮುಂದುವರಿಸಿದರು. ಟಂಕಸಾಲೆಯಿಂದ ಆಗತಾನೆ ಹೊರಬಂದದ್ದು ‘ಸಿಕ್ಕಾ’, ಅದಕ್ಕೆ ಪೂರ್ತಿ ಬೆಲೆ. ವರ್ಷ ಕಳೆದಂತೆ ಸರಾಫ ಅದರ ಮೇಲೆ ವಟ್ಟ ಹಿಡಿಯುತ್ತಿದ್ದ. ಬಂಗಾಳದಲ್ಲಿ ಹೀಗೆ ಹಳತಾದ ರೂಪಾಯಿಗೆ ‘ಸನವಾತ್’ ಎಂಬ ಬೇರೆ ಹೆಸರೇ ಇತ್ತು. ಬೆಳ್ಳಿ ಸವೆದಿದೆಯೋ ಇಲ್ಲವೋ, ಮೇಲಿನ ಇಸವಿ ಹಳೆಯದಾದರೆ ಸಾಕು, ಕಡಿತ. ಕಂದಾಯ ಕಟ್ಟಲು ಹೋದ ರೈತನ ಕೈಯಲ್ಲಿದ್ದ ರೂಪಾಯಿ ಕಚೇರಿ ತಲುಪುವ ಹೊತ್ತಿಗೆ ರೂಪಾಯಿಯಾಗಿ ಉಳಿಯುತ್ತಿರಲಿಲ್ಲ. ಈ ಗೋಜಲು ತಪ್ಪಿಸಲು ಈಸ್ಟ್ ಇಂಡಿಯಾ ಕಂಪೆನಿ ಷಾ ಆಲಂ ಬಾದಷಹನ 19ನೇ ಆಳ್ವಿಕೆ ವರ್ಷವನ್ನೇ ದಶಕಗಟ್ಟಲೆ ನಾಣ್ಯದ ಮೇಲೆ ಅಚ್ಚು ಹಾಕಿಸಿತು. ಬಾದಷಹನಿಗೆ ವಯಸ್ಸಾಯಿತು, ಕಣ್ಣು ಹೋಯಿತು, ಕೊನೆಗೆ ತೀರಿಯೂ ಹೋದ. ರೂಪಾಯಿಗೆ ಮಾತ್ರ ವರ್ಷ 19 ದಾಟಲಿಲ್ಲ!

ಅಂದು ಹಳೆಯದೆಂದು ಬೆಲೆ ಕಳೆದುಕೊಂಡದ್ದಕ್ಕೆ ಇಂದು ಹಳೆಯದೆಂದೇ ಬೆಲೆ. ಆದರೆ ಸವೆತದ ಲೆಕ್ಕ ತಪ್ಪಿಲ್ಲ. ಬೆಳ್ಳಿ ಸಾಚಾ ಹೌದೋ ಅಲ್ಲವೋ ಎಂದು ಸರಾಫ ಅಂಚಿಗೆ ಉಳಿ ಹಾಕಿ ನೋಡಿದ ಕಚ್ಚು, ಪರೀಕ್ಷೆ ಮಾಡಿ ಒತ್ತಿದ ಪುಟ್ಟ ಗುರುತು ಅಂದು ನಂಬಿಕೆಯ ಮೊಹರು. ಇಂದಿನ ಹರಾಜಿನಲ್ಲಿ ಅದೇ ಐಬು.

ನಮ್ಮ ಶ್ರೀರಂಗಪಟ್ಟಣದ ನಾಣ್ಯಗಳನ್ನೇ ನೋಡೋಣ. ಟಿಪ್ಪು ಸುಲ್ತಾನ ತನ್ನ ಬೆಳ್ಳಿಯ ನಾಣ್ಯಗಳಿಗೆ ಹೆಸರಿಟ್ಟಿದ್ದ. ಎರಡು ರೂಪಾಯಿಯದು ಹೈದರಿ, ರೂಪಾಯಿ ಇಮಾಮಿ, ಅರ್ಧ ಆಬಿದಿ, ಕಾಲು ಬಾಕಿರಿ, ಅದಕ್ಕಿಂತ ಕೆಳಗೆ ಜಾಫರಿ, ಕಾಜಿಮಿ. ಹಜ್ರತ್ ಅಲಿಯವರಿಂದ ಹಿಡಿದು ಇಮಾಮರ ಸಾಲು ಇಡೀ ಥೈಲಿಯಲ್ಲಿ! ಮೊಗಲ್ ಬಾದಷಹನ ಹೆಸರಿಗೆ ಅಲ್ಲಿ ಜಾಗವಿಲ್ಲ. ಇವೆಲ್ಲ ಕೈಯಿಂದ ಸುತ್ತಿಗೆ ಬಡಿದು ಮಾಡಿದವು. ಅಚ್ಚು ದೊಡ್ಡದು, ಬೆಳ್ಳಿಯ ಬಿಲ್ಲೆ ಚಿಕ್ಕದು. ಏಟು ಕೊಂಚ ಪಕ್ಕಕ್ಕೆ ಬಿದ್ದರೂ ‘ಪಟನ್’ ಎಂಬ ಊರಿನ ಹೆಸರೋ ಮೌಲೂದಿ ವರ್ಷವೋ ಹೊರಗೇ ಉಳಿದುಬಿಡುತ್ತದೆ. ಆದ್ದರಿಂದ ಇಂಥ ನಾಣ್ಯಕ್ಕೆ ಬೆಲೆ ಕಟ್ಟುವವರು ಬರೀ ಸವೆತ ನೋಡಿದರೆ ಸಾಲದು. ಒಂದಿಷ್ಟೂ ಸವೆಯದ, ಆದರೆ ಇಸವಿ ಇಲ್ಲದ ನಾಣ್ಯಕ್ಕಿಂತ, ಕೊಂಚ ಸವೆದರೂ ಊರು ಮತ್ತು ಇಸವಿ ಪೂರ್ತಿ ಓದಲು ಬರುವ ನಾಣ್ಯವೇ ನಮ್ಮ ಕಣ್ಣಿಗೆ ಮೇಲು. ಮೌಲೂದಿ ಅಂಕಿಗಳನ್ನು ಟಿಪ್ಪು ಬಲದಿಂದ ಎಡಕ್ಕೆ ಬರೆಸಿದ್ದನೆಂಬುದನ್ನು ಅರಿಯದ ವ್ಯಾಪಾರಿ 1215 ಅನ್ನು 5121 ಎಂದು ಓದಿ ತಲೆ ಕೆರೆದುಕೊಳ್ಳುವುದೂ ಉಂಟು.

ಯಂತ್ರದ ನಾಣ್ಯದ ರೀತಿ ಬೇರೆ. ಅಲ್ಲಿ ಎಲ್ಲವೂ ಒಂದೇ ಅಚ್ಚು. 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲಿನ ಸರದಲ್ಲಿ ಪುಟ್ಟ ಆನೆಯಿದೆ. ಸೊಂಡಿಲು ಗಿಡ್ಡವಾಗಿ ಅದು ಹಂದಿಯಂತೆ ಕಂಡಿತು. ಮುಸ್ಲಿಮರು ಬೇಸರಗೊಂಡರು, ಸರಕಾರ ಹೆದರಿತು. ನಾಣ್ಯಗಳ ಕೈಪಿಡಿಗಳ ಪ್ರಕಾರ ಅಚ್ಚಾದದ್ದು ಸುಮಾರು 94 ಲಕ್ಷ, ಜನರ ಕೈ ಸೇರಿದ್ದು 7 ಲಕ್ಷದಷ್ಟು, ಮಿಕ್ಕದ್ದು ಕುಲುಮೆಗೆ. 1912ರಲ್ಲಿ ಆನೆಗೆ ಸರಿಯಾದ ಸೊಂಡಿಲು ಬಂತು. ಎರಡರಲ್ಲೂ ಬೆಳ್ಳಿ ಅಷ್ಟೇ, 11.66 ಗ್ರಾಂ ತೂಕದಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು. ತಕ್ಕಡಿಗೆ ಇವು ಅವಳಿ. ಸಂಗ್ರಾಹಕನಿಗೆ ಅಲ್ಲ. ಆದರೆ ಆ ನಿಲುವಂಗಿಯ ಕಸೂತಿ ಬೆರಳು ತಾಗಿ ಬೇಗ ಸವೆಯುವ ಜಾಗ. ಜಗಳಕ್ಕೆ ಕಾರಣವಾದ ಪ್ರಾಣಿಯೇ ಅಳಿಸಿಹೋದ ಮೇಲೆ 1911ಕ್ಕೂ ಬೆಲೆ ಇಳಿಯುತ್ತದೆ.

ಈ ಸವೆತವನ್ನು ‘ಫೈನ್’, ‘ವೆರಿ ಫೈನ್’, ‘ಅನ್‌ಸರ್ಕ್ಯುಲೇಟೆಡ್’ ಎಂದು ದರ್ಜೆ ಮಾಡುತ್ತಾರೆ. ಅಮೆರಿಕದ ವಿಲಿಯಂ ಷೆಲ್ಡನ್ 1949ರಲ್ಲಿ ತಮ್ಮ ದೇಶದ ತಾಮ್ರದ ಸೆಂಟುಗಳಿಗಾಗಿ ಮಾಡಿದ 1ರಿಂದ 70ರವರೆಗಿನ ಅಂಕಗಳನ್ನು ಈಗ ಲೋಕದ ಬೆಳ್ಳಿಗೂ ಹಚ್ಚುತ್ತಿದ್ದಾರೆ. ಸುತ್ತಿಗೆಯ ನಾಣ್ಯಕ್ಕೆ ಈ ಅಳತೆ ಒಗ್ಗದೆಂಬುದು ನಮ್ಮ ಅನಿಸಿಕೆ. ಅಲ್ಲದೆ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಹಂದಿ ರೂಪಾಯಿಯೂ ಈಗ ಆ ಸಾಲಿಗೆ ಸೇರಿದೆ.

ನಮ್ಮ ಮನೆಗಳಲ್ಲಿ ನಡೆಯುವ ಅನಾಹುತ ಇನ್ನೊಂದು. ಮಾರುವ ಮುನ್ನ ಅಜ್ಜಿಯ ರೂಪಾಯಿಗಳನ್ನು ಹುಣಸೆಹಣ್ಣು, ಬೂದಿ ಹಚ್ಚಿ ಪಳಪಳ ಉಜ್ಜುತ್ತಾರೆ. ಅಚ್ಚಿನ ಒತ್ತಡಕ್ಕೆ ಬೆಳ್ಳಿ ಹರಿದಾಗ ಮೂಡಿದ ಕೂದಲೆಳೆಯ ಗೆರೆಗಳೇ ಹೊಸ ನಾಣ್ಯದ ಹೊಳಪು. ಉಜ್ಜಿದರೆ ಅವು ಹೋಗುತ್ತವೆ, ಬದಲಿಗೆ ಗೀರುಗಳು ಬರುತ್ತವೆ. ಗಾಳಿಯ ಗಂಧಕ ತಾಗಿ ಬಂದ ಕಪ್ಪು ಕೊಳೆಯಲ್ಲ. ಹದವಾಗಿ ಹರಡಿದ್ದರೆ ಅದಕ್ಕೇ ಹೆಚ್ಚು ಕೊಡುವವರಿದ್ದಾರೆ. ಇನ್ನು ಸರಕ್ಕೆ ಪೋಣಿಸಲು ಕುಣಿಕೆ ಬೆಸೆದ ನಾಣ್ಯಗಳು. ಬೆಸುಗೆ ಬಿತ್ತೆಂದರೆ ಸಂಗ್ರಾಹಕರ ದರ್ಜೆ ಮುಗಿಯಿತು; ಸಾಮಾನ್ಯ ನಾಣ್ಯವಾದರೆ ಬೆಳ್ಳಿಯ ತೂಕಕ್ಕಿಂತ ಹೆಚ್ಚೇನೂ ಹುಟ್ಟುವುದು ಕಷ್ಟ. ಅದನ್ನು ಕೀಳಿಸಿ ಅರದಿಂದ ಉಜ್ಜಿಸಿದರೆ ಗಾಯ ಇನ್ನೂ ದೊಡ್ಡದಾದೀತು. ಕುಣಿಕೆ ಹಾಗೇ ಇರಲಿ. ಯಾವ ಅಜ್ಜಿಯ ಕೊರಳಲ್ಲಿತ್ತು, ಯಾವ ಊರಿನ ಮದುವೆಯಲ್ಲಿ ಬಂತು ಎಂದು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಬಹುದು.