ನೋಟುಗಳ ವಿನ್ಯಾಸದ ಇತಿಹಾಸ

ನೋಟುಗಳ ವಿನ್ಯಾಸ: ಕಾಗದದ ಹಣದ ಮೇಲೆ ಯಾವ ಚಿತ್ರ, ಬರಹ, ಬಣ್ಣ, ಗುರುತು ಇರಬೇಕೆಂದು ಗೊತ್ತುಮಾಡುವ ಕಲೆ ಮತ್ತು ತಂತ್ರ. ಚಿನ್ನ ಬೆಳ್ಳಿಯ ನಾಣ್ಯಕ್ಕೆ ಲೋಹದ ಬೆಲೆಯೇ ಆಸರೆಯಾಗಿತ್ತು. ಕಾಗದಕ್ಕೆ ಆ ಆಸರೆಯಿಲ್ಲ. ಹಾಗಾಗಿ ತಾನು ಅಸಲಿ ಎಂದು ತೋರಿಸಿಕೊಳ್ಳುವುದೇ ನೋಟಿನ ಮೊದಲ ಕೆಲಸ. ದೇಶಗಳು ತಮ್ಮ ರಾಜರನ್ನೂ ನಾಯಕರನ್ನೂ ದೇಗುಲಗಳನ್ನೂ ನೋಟಿನ ಮೇಲೆ ಮೆರೆಸಿವೆ, ನಿಜ. ಆದರೆ ಅದರ ರೂಪವನ್ನು ಹೆಚ್ಚಾಗಿ ತಿದ್ದಿದವನು ಚಿತ್ರಕಾರನಲ್ಲ, ಖೋಟಾ ನೋಟು ಮಾಡುವವನು.

ಚೀನಾದ ಸಿಚುವಾನ್ ಪ್ರಾಂತ್ಯದಲ್ಲಿ ಸೋಂಗ್ ಅರಸರ ಕಾಲಕ್ಕೆ ಕಬ್ಬಿಣದ ನಾಣ್ಯ ಚಲಾವಣೆಯಲ್ಲಿತ್ತು. ಆ ಭಾರ ಹೊರಲಾರದೆ ವರ್ತಕರು ನಾಣ್ಯವನ್ನು ಠೇವಣಿ ಇಟ್ಟು, ಬದಲಿಗೆ ಪಡೆದ ಚೀಟಿಗಳನ್ನು ಕೈಯಿಂದ ಕೈಗೆ ದಾಟಿಸತೊಡಗಿದರು. ಜಿಯಾವೊಜಿ ಎಂಬ ಈ ಚೀಟಿಗಳನ್ನು 1020ರ ದಶಕದಲ್ಲಿ ಸರ್ಕಾರವೇ ಹೊರಡಿಸಲು ಶುರುಮಾಡಿತು. 1375ರಲ್ಲಿ ಬಂದ ಮಿಂಗ್ ಅರಸರ ನೋಟು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿ ನೋಡಸಿಗುತ್ತದೆ. ಹಿಪ್ಪುನೇರಳೆ ತೊಗಟೆಯಿಂದ ಮಾಡಿದ ಬೂದುಬಣ್ಣದ ಈ ಕಾಗದ ಒಂದಡಿಗೂ ಉದ್ದ. ಓದು ಬಾರದವರಿಗೂ ಬೆಲೆ ತಿಳಿಯಲೆಂದು ನಡುವೆ ನಾಣ್ಯದ ಸರಗಳ ಚಿತ್ರವಿದೆ. ಕೆಳಗಿನ ಬರಹದಲ್ಲಿ ಬೆದರಿಕೆ, ಆಮಿಷ ಎರಡೂ ಉಂಟು: ಖೋಟಾ ಮಾಡಿದವನಿಗೆ ತಲೆದಂಡ, ಹಿಡಿದುಕೊಟ್ಟವನಿಗೆ 250 ಲಿಯಾಂಗ್ ಬೆಳ್ಳಿ.

ಯುರೋಪಿನ ಮೊದಲ ಬ್ಯಾಂಕ್ ನೋಟು 1661ರಲ್ಲಿ ಸ್ಟಾಕ್‌ಹೋಮಿನಲ್ಲಿ ಹೊರಬಂತು. ಹೊರಡಿಸಿದ ಯೋಹಾನ್ ಪಾಲ್ಮ್‌ಸ್ಟ್ರುಕ್ ಕೈಮೀರಿ ನೋಟು ಹಂಚಿ, ಬ್ಯಾಂಕು ಮುಳುಗಿ, ಮರಣದಂಡನೆಗೆ ಗುರಿಯಾದ. ಆಮೇಲೆ ಅದು ಸೆರೆವಾಸಕ್ಕೆ ಇಳಿಯಿತು. ಇದಕ್ಕಿಂತ ಸ್ವಾರಸ್ಯದ ಸಂಗತಿ ಅಮೆರಿಕದ್ದು. ಹದಿನೆಂಟನೆಯ ಶತಮಾನದಲ್ಲಿ ಮುದ್ರಕನಾಗಿದ್ದ ಬೆಂಜಮಿನ್ ಫ್ರಾಂಕ್ಲಿನ್ ನಿಜವಾದ ಗಿಡದ ಎಲೆಯಿಂದ ಅಚ್ಚು ತೆಗೆದು, ಲೋಹ ಎರೆದು, ಆ ಪಡಿಯಚ್ಚಿನಿಂದ ನೋಟಿನ ಹಿಂಬದಿಯನ್ನು ಮುದ್ರಿಸಿದ. ಎಲೆಯ ನರಗಳ ಆ ಸೂಕ್ಷ್ಮ ಜಾಲವನ್ನು ಕೈಯಿಂದ ಕೊರೆಯುವುದು ಯಾರಿಗೂ ಸುಲಭವಿರಲಿಲ್ಲ. ವಿಧಾನವನ್ನು ಅವನು ಗುಟ್ಟಾಗಿಯೇ ಇಟ್ಟುಕೊಂಡ. ನೋಟಿನ ಚರಿತ್ರೆಯಲ್ಲಿ ಇಷ್ಟು ಚೆಲುವಾದ ಉಪಾಯ ಇನ್ನೊಂದಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಉಕ್ಕಿನ ಫಲಕದ ಮೇಲೆ ಕೊರೆದು ಅಚ್ಚೊತ್ತುವ ವಿದ್ಯೆ ಬೆಳೆದಂತೆ ನೋಟಿನ ಮೇಲೆ ಮುಖಗಳು ಹೆಚ್ಚಿದವು. ಇದು ಬರೀ ರಾಜಭಕ್ತಿಯಲ್ಲ. ಹೂಬಳ್ಳಿಯಲ್ಲಿ ಒಂದು ಸುರುಳಿ ತಪ್ಪಿದರೆ ಯಾರ ಕಣ್ಣಿಗೂ ಬೀಳದು. ಪರಿಚಯದ ಮುಖದಲ್ಲಿ ತುಟಿ ಕೊಂಚ ಕೊಂಕಿದರೂ ಏನೋ ಸರಿಯಿಲ್ಲ ಅನ್ನಿಸುತ್ತದೆ. ಮುಖವನ್ನು ದಿಟ್ಟಿಸುವ ಈ ಗುಣವೇ ಒಮ್ಮೆ ಕೆನಡಾಕ್ಕೆ ಮುಳುವಾಯಿತು. 1954ರ ಸರಣಿಯಲ್ಲಿ ರಾಣಿ ಎಲಿಜಬೆತ್‌ಳ ಕಿವಿಯ ಹಿಂದಿನ ಗುಂಗುರು ಕೂದಲಲ್ಲಿ ಹಲ್ಲುಕಿರಿಯುವ ಪಿಶಾಚಿಯ ಮೋರೆ ಕಾಣುತ್ತದೆಂದು ಜನ ದೂರಿದರು. ಅಚ್ಚು ತಿದ್ದಿ ಕೂದಲನ್ನು ಕಪ್ಪಾಗಿಸಬೇಕಾಯಿತು.

ಬ್ಯಾಂಕ್ ಆಫ್ ಇಂಗ್ಲೆಂಡ್ ಮಾತ್ರ ಬಹುಕಾಲ ಮುಖದ ಗೋಜಿಗೆ ಹೋಗಲಿಲ್ಲ. ಬಿಳಿ ಕಾಗದ, ಒಂದೇ ಮಗ್ಗುಲಲ್ಲಿ ಕಪ್ಪು ಮಸಿ, ಮೇಲೆ ಮೂಲೆಯಲ್ಲಿ ಬ್ರಿಟನ್ನಿನ ಸಂಕೇತವಾದ ಬ್ರಿಟಾನಿಯಾ ದೇವಿಯ ಪುಟ್ಟ ಚಿತ್ರ, ಅಷ್ಟೆ. ಎರಡನೆಯ ಮಹಾಯುದ್ಧದಲ್ಲಿ ಈ ಸರಳತೆ ಜರ್ಮನಿಗೆ ಅನುಕೂಲವಾಯಿತು. ಜಾಕ್ಸನ್‌ಹೌಜನ್ ಶಿಬಿರದ ಯಹೂದಿ ಕೈದಿಗಳಿಂದ ನಾಜಿಗಳು ಲಕ್ಷಗಟ್ಟಲೆ ಖೋಟಾ ಪೌಂಡು ಮಾಡಿಸಿದರು. 1943ರಲ್ಲಿ ಬ್ಯಾಂಕು 10 ಪೌಂಡು ಮತ್ತು ಅದಕ್ಕೂ ದೊಡ್ಡ ನೋಟುಗಳನ್ನು ಹೊರಡಿಸುವುದನ್ನೇ ನಿಲ್ಲಿಸಿತು. 10 ಪೌಂಡಿನ ನೋಟು ಮರಳಿದ್ದು 1964ರಲ್ಲಿ. ಈ ನಡುವೆ 1957ರಲ್ಲಿ ಬಿಳಿಯ 5 ಪೌಂಡಿನ ಜಾಗಕ್ಕೆ ಬಣ್ಣದ ನೋಟು ಬಂತು, 1960ರಲ್ಲಿ ರಾಣಿಯ ಮುಖವೂ ಬಂತು. ಆಸ್ಟ್ರೇಲಿಯಾದ ಕಥೆಯೂ ಇಂಥದ್ದೇ. 1966ರಲ್ಲಿ ಹೊಸ ಡಾಲರ್ ಬಂದ ವರ್ಷವೇ 10 ಡಾಲರಿನ ಖೋಟಾ ನೋಟು ಹಬ್ಬಿತು. ಉಪಾಯ ಹುಡುಕಲು ಸರ್ಕಾರ ವಿಜ್ಞಾನಿಗಳನ್ನು ಕೂರಿಸಿತು. ಫಲವಾಗಿ 1988ರಲ್ಲಿ ಪಾಲಿಮರ್ ನೋಟು ಹುಟ್ಟಿತು.

ಯಾರ ಮುಖ ಎಂಬುದು ರಾಜಕೀಯದ ಪ್ರಶ್ನೆ. 1997ರಲ್ಲಿ ಸರ್ವಾಧಿಕಾರಿ ಮೊಬುಟು ಪದಚ್ಯುತನಾದಾಗ ಜೈರ್ ದೇಶದಲ್ಲಿ ಅವನ ಮುಖವಿದ್ದ ಜಾಗಕ್ಕೆ ತೂತು ಹೊಡೆದ ನೋಟುಗಳು ಓಡಾಡಿದವು. ಬರ್ಮಾದ ಸರ್ವಾಧಿಕಾರಿ ನೆ ವಿನ್‌ಗೆ ಒಂಬತ್ತರ ಮೇಲೆ ಮೋಹ. ಅವನು 1987ರಲ್ಲಿ 25, 35, 75 ಕ್ಯಾಟ್ ನೋಟುಗಳನ್ನು ರದ್ದುಮಾಡಿ, ಒಂಬತ್ತರಿಂದ ಭಾಗವಾಗುವ 45 ಮತ್ತು 90ರ ನೋಟು ತಂದ. ಜನರ ಉಳಿತಾಯ ರಾತ್ರೋರಾತ್ರಿ ಕಸವಾಯಿತು. ಮರುವರ್ಷದ ದಂಗೆಗೆ ಅದೂ ಒಂದು ಕಾರಣ. ಯೂರೋ ನೋಟು ಈ ಜಗಳವನ್ನೇ ತಪ್ಪಿಸಿಕೊಂಡಿತು. 1996ರ ಸ್ಪರ್ಧೆಯಲ್ಲಿ ಗೆದ್ದ ಆಸ್ಟ್ರಿಯಾದ ರಾಬರ್ಟ್ ಕಾಲಿನಾ ಏಳು ನೋಟುಗಳಿಗೆ ಏಳು ಕಾಲದ ವಾಸ್ತುಶೈಲಿಯ ಸೇತುವೆಗಳನ್ನು ಬರೆದರು. ಯಾವ ದೇಶವೂ ತನ್ನದೆಂದು ಹೇಳಿಕೊಳ್ಳಬಾರದೆಂದು ಅವೆಲ್ಲ ಕಲ್ಪನೆಯ ಸೇತುವೆಗಳು. ಕೊನೆಗೆ ನೆದರ್ಲೆಂಡ್ಸಿನ ಸ್ಪೈಕೆನಿಸೆ ಎಂಬ ಊರು ಆ ಏಳನ್ನೂ ಅದದೇ ಬಣ್ಣದಲ್ಲಿ ಕಟ್ಟಿಸಿ ತನ್ನದಾಗಿಸಿಕೊಂಡಿತು! ಜಾಣ ವಿನ್ಯಾಸವೇ ಸರಿ, ಆದರೆ ನೋಡಿದವರ ಮನಸ್ಸಿನಲ್ಲಿ ನಿಲ್ಲುವಂಥದ್ದಲ್ಲ.

ಭಾರತ ಸರ್ಕಾರ 1861ರ ಕಾಯ್ದೆಯಂತೆ ಹೊರಡಿಸಿದ ಮೊದಲ ನೋಟುಗಳಲ್ಲಿ ವಿಕ್ಟೋರಿಯಾ ರಾಣಿಯ ಪುಟ್ಟ ಚಿತ್ರವಿತ್ತು. ಖೋಟಾ ಹಾವಳಿ ಹೆಚ್ಚಿ 1867ರಲ್ಲಿ ಆ ಸರಣಿಯನ್ನೇ ಬಿಡಬೇಕಾಯಿತು. ಜಾರ್ಜ್ ದೊರೆಗಳ ಮುಖ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಸ್ವಾತಂತ್ರ್ಯ ಬಂದಾಗ ದೊರೆಯ ಜಾಗಕ್ಕೆ ಗಾಂಧೀಜಿಯವರನ್ನು ತರುವ ಯೋಚನೆಯಿತ್ತು, ಮಾದರಿಗಳೂ ಸಿದ್ಧವಾಗಿದ್ದವು. ಕೊನೆಗೆ ಆಯ್ಕೆಯಾದದ್ದು ಅಶೋಕಸ್ತಂಭದ ಸಿಂಹಗಳು. ಗಾಂಧೀಜಿ 1969ರ ಜನ್ಮಶತಾಬ್ದಿಯಲ್ಲಿ ಸೇವಾಗ್ರಾಮದ ಹಿನ್ನೆಲೆಯೊಂದಿಗೆ ಬಂದು, 1987ರಲ್ಲಿ 500ರ ನೋಟಿಗೇರಿ, 1996ರಲ್ಲಿ ಇಡೀ ಸರಣಿಗೆ ಹೆಸರಾದರು. ಕಿಟಕಿಯಂತೆ ಇಣುಕುವ ಭದ್ರತಾ ದಾರ, ಓರೆ ಹಿಡಿದರೆ ಕಾಣುವ ಅಂಕಿ, ಕುರುಡರು ಮುಟ್ಟಿ ತಿಳಿಯುವ ಉಬ್ಬು ಗುರುತು ಆ ಸರಣಿಯ ಜೊತೆ ಬಂದವು.

ಹಿಂಬದಿಯ ಚಿತ್ರಗಳು ಆಯಾ ಕಾಲದ ಸರ್ಕಾರದ ಹೆಮ್ಮೆಯನ್ನು ಹೇಳುತ್ತವೆ. ಹಿಂದೆ ಟ್ರ್ಯಾಕ್ಟರು, ಹಿರಾಕುಡ್ ಅಣೆಕಟ್ಟು, 2 ರೂಪಾಯಿಯಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ತಯಾರಾದ ಆರ್ಯಭಟ ಉಪಗ್ರಹ ಇದ್ದವು. 2016ರಿಂದ ಬಂದ ಸರಣಿಯಲ್ಲಿ ಪುರಾತನ ಸ್ಮಾರಕಗಳದೇ ಮೇಲುಗೈ. 2017ರ 50 ರೂಪಾಯಿ ನೋಟಿನಲ್ಲಿರುವುದು ಹಂಪಿಯ ವಿಜಯವಿಠ್ಠಲ ದೇವಾಲಯದ ಕಲ್ಲಿನ ರಥ. ದೇಶದ ನಾಲ್ಕು ನೋಟು ಮುದ್ರಣಾಲಯಗಳಲ್ಲಿ ಒಂದು ಮೈಸೂರಿನಲ್ಲಿದೆ. ನೋಟಿನ ಕಾಗದವನ್ನೂ ಶಾಯಿಯನ್ನೂ ತಯಾರಿಸುವ ಕಾರ್ಖಾನೆಗಳು ಅದೇ ಊರಿನಲ್ಲಿವೆ.